ಜೋಡಿ ಕೋಲಾಟದ ತೀರ್ಪು

ಚಾಮರಾಜನಗರ
೧೨-೧೧-೧೯೫೬

ಪ್ರೀತಿಯ ಅಕ್ಕ ಗುರುಮಲ್ಲಮ್ಮನಿಗೆ ನಿನ್ನ ತಂಗಿಯ ಶರಣಾರ್ಥಿ.

ನಿನ್ನ ಮಗಳು ಕರಿಬಸಿ ನಾಳೆ ಗುಂಡ್ಲುಪೇಟೆಗೆ ಬರುತ್ತಾಳೆ. ಅವಳ ಮುಖ ನೋಡುವ ಮೊದಲೇ ನೀನು ಇದನ್ನು ಓದಿಕೊಳ್ಳಬೇಕು ಎಂದು ಸಂಜೆ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದೇನೆ. ನಿನ್ನೆಯಿಂದ ಅವಳು ಸರಿಯಾಗಿ ಉಂಡಿಲ್ಲ. ಜೊತೆಗೆ ಆಡಿದ ಮರಿತಾಯಿ ಪಕ್ಕದಲ್ಲಿ ಕೂತು ಕಲಸಿಕೊಟ್ಟರೂ ಮುಖ ತಿರುಗಿಸುತ್ತಾಳೆ.

ಹೊಸ ರಾಜ್ಯದ ಸಂಭ್ರಮಕ್ಕೆಂದು ನಿನ್ನೆ ಇಲ್ಲಿ ಇಟ್ಟ ಜೋಡಿ ಕೋಲಾಟದ ಪಂದ್ಯದಲ್ಲಿ ನಮ್ಮವರಿಗೆ ಎರಡನೇ ಬಹುಮಾನ. ಮೈಸೂರಿಗೆ ಹೋಗುವುದು ಗೆದ್ದ ಜೋಡಿ ಮಾತ್ರ. ತೀರ್ಪಿಗೆ ಕೂತವರು ಜವಳಿ ಅಂಗಡಿಯ ಚಿಕ್ಕಮಲ್ಲಪ್ಪನವರು, ಒಬ್ಬ ಸಂಗೀತದ ಮೇಷ್ಟ್ರು, ನಾನು. ಈ ಊರಿನ ಜೋಡಿ ಮೊದಲು ಆಡಿತು. ಅದರಲ್ಲಿ ಒಬ್ಬಳು ಚಿಕ್ಕಮಲ್ಲಪ್ಪನವರ ತಮ್ಮನ ಮಗಳು. ಆಮೇಲೆ ಗುಂಡ್ಲುಪೇಟೆಯವರನ್ನು ಕರೆದರು. ನಾನು ಎದ್ದು ನಿಂತು, ಇವಳು ನನ್ನ ಅಕ್ಕನ ಮಗಳು, ನಾನು ತೀರ್ಪು ಕೊಡುವುದು ಸರಿಯಲ್ಲ ಎಂದೆ. ಚಿಕ್ಕಮಲ್ಲಪ್ಪನವರು ಮೆಲ್ಲಗೆ, "ಕೂತ್ಕಳಿ ಟೀಚರಮ್ಮ. ನಮ್ಮುಡ್ಗೀಗೆ ನಾನು ಕೊಟ್ಟಿವ್ನಿ, ನಿಮ್ಮುಡ್ಗೀಗೆ ನೀವು ಕೊಡಿ. ಸರಿಹೋಯ್ತದೆ ಬುಡಿ" ಎಂದರು. ಅದನ್ನು ಕೇಳಿದ ಮೇಲಂತೂ ಕೂರಲಾಗಲಿಲ್ಲ. ಹೆಂಗಸರು ಕೂತಿದ್ದ ಜಮಖಾನದ ಮೇಲೆ ಹೋಗಿ ಕೂತುಬಿಟ್ಟೆ. ಚಿಕ್ಕಮಲ್ಲಪ್ಪನವರು ಮಾತ್ರ ಕುರ್ಚಿಯಿಂದ ಕದಲಲಿಲ್ಲ.

ಆಟ ನೋಡಿ ನಿಮ್ಮೂರಿಗೆ ಮರಳಿದವರು ಹೇಳಿದರೋ ಏನೋ, ಬೆಳಿಗ್ಗೆ ಭಾವ ಹೇಳಿಕಳಿಸಿದ್ದಾರೆ. ಮೋಸವಾಗಿದೆ, ನಮ್ಮ ಹುಡುಗಿಯರೇ ಗೆಲ್ಲಬೇಕಿತ್ತು ಎಂದು ಪಂದ್ಯ ಇಡಿಸಿದ ಅಮಲ್ದಾರರಿಗೆ ನಾನು ಬರೆದುಕೊಡಬೇಕಂತೆ. ಚಿಕ್ಕಮಲ್ಲಪ್ಪನವರು ಕೂರಬಾರದಿತ್ತು ಎಂದು ಬರೆಯುತ್ತೇನೆ, ಸಹಿಯನ್ನೂ ಹಾಕುತ್ತೇನೆ. ಅವರು ನಮ್ಮ ಸ್ಕೂಲಿನ ಕಮಿಟಿಯಲ್ಲಿದ್ದಾರೆ. ನನ್ನ ಕೆಲಸದ ಗತಿ ಏನಾಗುತ್ತದೋ ಗೊತ್ತಿಲ್ಲ. ಇನ್ನೊಂದು ಮಾತನ್ನು ಮಾತ್ರ ನಾನು ಬರೆಯಲಾರೆ. ಎದ್ದು ಬಂದವಳು ಯಾರು ಗೆಲ್ಲಬೇಕಿತ್ತು ಎಂದು ಹೇಳಬಾರದು ಅಂತ ಭಾವನಿಗೆ ನೀನೇ ತಿಳಿಸಿ ಹೇಳು.

ಮನೆಗೆ ಬರುವಾಗ ಕರಿಬಸಿ, "ನೀನ್ಯಾಕೆ ಎದ್ದೋದೆ ಚಿಕ್ಕವ್ವ? ನಾವು ಚೆನ್ನಾಗಿ ಆಡಾಕಿಲ್ಲ ಅಂತವಾ?" ಎಂದು ಕೇಳಿದಳು. ಹುಚ್ಚಿ, ನೀನು ನನ್ನ ಮಗಳಾಗಬೇಕಲ್ಲ, ಅದಕ್ಕೆ ಎದ್ದೆ ಎಂದೆ. ಅವಳು ಕೋಲುಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮುಂದೆ ಮುಂದೆ ನಡೆದಳು. ಮರಿತಾಯಿ ಮಾತ್ರ ದಾರಿಯುದ್ದಕ್ಕೂ ನನ್ನ ಮುಖವನ್ನೇ ನೋಡುತ್ತಿದ್ದಳು.

ನೀನಾದರೂ ಮುನಿಸಿಕೊಳ್ಳಬೇಡ. ಒಂದು ಸಾಲು ಬರೆ. ಅಲ್ಲಿಯವರೆಗೂ ನನಗೆ ಸಮಾಧಾನವಿಲ್ಲ.

ನಿನ್ನ ತಂಗಿ,
ಶಿವರುದ್ರಮ್ಮ

ತಾ.ಕ.: ಮಡಿಸಿಟ್ಟ ಕಾಗದವನ್ನು ಮತ್ತೆ ಬಿಚ್ಚಿದೆ. ಈ ಊರಿನ ಹುಡುಗಿಯರೇ ಚೆನ್ನಾಗಿ ಆಡಿದರು ಅಕ್ಕ. ಅವರ ನಾಲ್ಕು ಕೋಲಿಗೂ ಒಂದೇ ಸದ್ದು. ನಮ್ಮವರು ಅಭ್ಯಾಸ ಮಾಡುವುದನ್ನು ಮನೆಯಲ್ಲೇ ನೋಡಿದ್ದೆ. ತಿರುಗುವಾಗ ಕರಿಬಸಿ ತಾಳಕ್ಕಿಂತ ಮುಂದೆ ಓಡುತ್ತಾಳೆ. ಇಷ್ಟು ಗೊತ್ತಿದ್ದೂ, ಅವಳ ಹೆಸರು ಕೂಗಿದಾಗ, ಅವಳಿನ್ನೂ ಕೋಲು ಎತ್ತುವ ಮೊದಲೇ ನನ್ನ ಮನಸ್ಸು ಅವಳನ್ನು ಗೆಲ್ಲಿಸಿಬಿಟ್ಟಿತ್ತು. ಅದಕ್ಕೆ ಹೆದರಿ ಎದ್ದೆ. ಇಷ್ಟನ್ನು ಭಾವನಿಗೆ ಓದಿ ಹೇಳಬೇಡ.