ಸೂಜಿಯ ಭಾರ

ಹೊಸದುರ್ಗ
೧೬ ಫೆಬ್ರವರಿ ೨೦೨೫

ಮುದ್ದು ಮಗಳು ಯಮುನಾಳಿಗೆ ಅಪ್ಪನ ಆಶೀರ್ವಾದ.

ಹೇಗಿದ್ದೀಯಮ್ಮಾ? ಅಸ್ಸಾಮಿನ ಚಳಿ ಇಳಿಯಿತೇ? ಪರೇಡಿನಲ್ಲಿ ಉಳುಕಿದ ಪಾದ ವಾಸಿಯಾಯಿತೇ? ಕ್ಯಾಂಪಿನಲ್ಲಿ ಮುದ್ದೆ ಸಿಗುವುದಿಲ್ಲವೆಂದು ಅರೆಹೊಟ್ಟೆಯಲ್ಲಿ ಇರಬೇಡ. ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಮ್ಮನ ಮಂಡಿನೋವು ಬಿಸಿಲು ಬಂದ ಮೇಲೆ ಕಡಿಮೆ. ನನ್ನ ಬಲಗಿವಿ ಮಾತ್ರ ಪೂರ್ತಿ ಮುಚ್ಚಿತು. ಎಡಗಿವಿಗೆ ಬಾಯಿ ತಂದು ನಿಧಾನವಾಗಿ ಹೇಳಿದರೆ ಮಾತು ತಿಳಿಯುತ್ತದೆ, ಹಾಡು ತಿಳಿಯುವುದಿಲ್ಲ. ಜೀವಮಾನವೆಲ್ಲ ಮದುವೆ ಮನೆಗಳಿಗೆ ಮೈಕ್ ಸೆಟ್ ಹಾಕಿ, ಹಾರ್ನಿನ ಕೆಳಗೇ ನಿದ್ದೆ ಹೊಡೆದವನಿಗೆ ಇದು ಬರಬೇಕಾದದ್ದೇ ಬಿಡು.

ಅಟ್ಟದ ಮೇಲಿದ್ದ ರೆಕಾರ್ಡ್ ಪ್ಲೇಯರ್ ಇಳಿಸಿದ್ದೇನೆ. ನನಗಾಗಿ ಅಲ್ಲ, ನಿಮ್ಮಮ್ಮನಿಗಾಗಿ. ನಿನಗೆ ಗೊತ್ತಲ್ಲ, ರಾಮಗಿರಿಯ ಒಂದು ಮದುವೆಯಲ್ಲಿ ಲಂಗದಾವಣಿಯ ಹುಡುಗಿಯೊಬ್ಬಳು ಚಪ್ಪರದ ಕಂಬ ಹಿಡಿದು ನಿಂತು, "ಆ ಸೋಬಾನೆ ಪದ ಇನ್ನೊಂದ್ಸಲ ಹಾಕ್ರಿ" ಅಂದಿದ್ದಳು. ಆಮೇಲೆ ಅವಳೇ ನಿಮ್ಮಮ್ಮ ಆದಳು. ಆ ಪದದ ರೆಕಾರ್ಡ್ ತಟ್ಟೆ ಇನ್ನೂ ಇದೆ. ಪ್ಲೇಯರಿಗೆ ಹೊಸ ಬೆಲ್ಟು, ಹೊಸ ಸೂಜಿ ತರಿಸಿ ಕೂರಿಸಿ, ಆ ಪದ ಹಾಕಿದೆ. ಸ್ವಲ್ಪ ಹೊತ್ತಿಗೇ ನಿಮ್ಮಮ್ಮ ರೇಣುಕ ಬಂದು ನನ್ನ ಕಿವಿಯಲ್ಲಿ, "ನಿಲ್ಲಿಸ್ರಿ, ಹಾಡಾಕಿ ಗಂಟಲು ಯಾರೋ ಒತ್ತಿದಂಗೈತೆ" ಅಂದಳು.

ಸೂಜಿ ಭಾರವಾಗಿ ಕೂತಿದೆ ಎಂದು ಹೊಳೆಯಿತು. ಹಿಂದೆ ಅದು ಹಗುರವೋ ಭಾರವೋ ಎಂಬುದನ್ನು ಕಿವಿಯೇ ಹೇಳುತ್ತಿತ್ತು. ಚಪ್ಪರದಲ್ಲಿ ಜನ ಕುಣಿದು ಸೂಜಿ ಹಾರತೊಡಗಿದರೆ ಅದರ ತಲೆಯ ಮೇಲೆ ನಾಣ್ಯ ಇಟ್ಟು ಕೂರಿಸುತ್ತಿದ್ದೆವು, ತಟ್ಟೆ ಸವೆಯುತ್ತದೆಂಬ ಯೋಚನೆಯೇ ಇರಲಿಲ್ಲ. ಈಗ ಕೇಳಿ ನೋಡೋಣವೆಂದರೆ ಕಿವಿಯೇ ಇಲ್ಲ. ಮೊಬೈಲ್ ಅಂಗಡಿ ಕಿರಣ್‌ಕುಮಾರ್ ಅಕ್ಕಸಾಲಿಗರ ತಕ್ಕಡಿಯಂಥ, ಅಂಗೈಯಗಲದ ಅಗ್ಗದ ಡಿಜಿಟಲ್ ತಕ್ಕಡಿ ತರಿಸಿಕೊಟ್ಟ. "ಲೇ, ಕಿವಿ ಮಾಡೋ ಕೆಲಸ ಇದು ಮಾಡ್ತೈತೇನೋ?" ಅಂದೆ. "ಒಂದ್ಸಲ ನೋಡ್ರಿ ನಾಗಣ್ಣ" ಎಂದು ನಕ್ಕ.

ತಿರುಗದೆ ನಿಂತ ಪ್ಲೇಯರಿನ ಮೇಲೆ ತಕ್ಕಡಿ ಇಟ್ಟು, ಎಳೆಕೂಸಿನ ಕಾಲು ನೆಲಕ್ಕೆ ತಾಗಿಸುವಂತೆ ಸೂಜಿ ಇಳಿಸಿದೆ. ಅಂಕಿ ಹುಚ್ಚೆದ್ದು ಕುಣಿಯಿತು. ಸೂಜಿಯ ತಲೆಯೊಳಗಿನ ಅಯಸ್ಕಾಂತವನ್ನು ತಕ್ಕಡಿಯ ಕಬ್ಬಿಣ ಎಳೆಯುತ್ತಿತ್ತು. ನೋಡುತ್ತ ನಿಂತಿದ್ದ ರೇಣುಕ ಮರದ ಐಸ್‌ಕ್ರೀಂ ಕಡ್ಡಿಯೊಂದನ್ನು ತಂದು, ಸೂಜಿ ಕಬ್ಬಿಣದಿಂದ ದೂರವಿರಲೆಂದು ಅರ್ಧ ಹೊರಚಾಚುವಂತೆ ತಕ್ಕಡಿಗೆ ಅಂಟಿಸಿದಳು. ಸೊನ್ನೆಗೆ ತಂದು, ಕಡ್ಡಿಯ ತುದಿಗೆ ಸೂಜಿ ಇಳಿಸಿದರೆ ನಾಲ್ಕು ಗ್ರಾಂ! ಸೂಜಿಯ ಡಬ್ಬಿಯ ಮೇಲೆ ಬರೆದದ್ದು ಎರಡು. ಸೂಜಿ ಹಿಡಿದ ತೋಳಿನ ಹಿಂತುದಿಯ ತೂಕದ ಗುಂಡನ್ನು ಕೂದಲೆಳೆಯಷ್ಟು ತಿರುಗಿಸುತ್ತ, ಮತ್ತೆ ತೂಗುತ್ತ, ಕೊನೆಗೆ ಎರಡಕ್ಕೆ ತಂದು ನಿಲ್ಲಿಸಿದೆ.

ಮಧ್ಯಾಹ್ನದ ಬಿಸಿಲು ತೆಂಗಿನ ಗರಿಗಳ ನಡುವೆ ಸೋಸಿಬಂದು ಹಜಾರದಲ್ಲಿ ನೀರಿನಂತೆ ಆಡುತ್ತಿತ್ತು. ಪದ ಹಾಕಿದೆ. ರೇಣುಕ ಕೈ ಎತ್ತಿ ನನ್ನನ್ನು ತಡೆದಳು. ಆಮೇಲೆ ನನ್ನ ಎಡಗಿವಿಗೆ ಬಾಯಿ ತಂದು, "ಪದ ಶುರುವಾಗೋಕೆ ಮುಂಚೆ ಆಕಿ ಉಸಿರು ಎಳಕಂಡ್ಲು ಕಣ್ರಿ. ಇಷ್ಟು ವರ್ಷ ಇದು ಕೇಳಿರ್ಲೇ ಇಲ್ಲ" ಅಂದಳು. ನಾನು ಸ್ಪೀಕರ್ ಪೆಟ್ಟಿಗೆಯ ಮರದ ಮೇಲೆ ಅಂಗೈ ಊರಿದೆ. ಸಣ್ಣ ನಡುಕ ತೋಳಿನವರೆಗೆ ಹತ್ತಿತು. ಕಣ್ಣು ಮುಚ್ಚಿದರೆ ಚಪ್ಪರ ತೇಲುತ್ತಿದೆ, ಬೇವಿನ ಮರದಲ್ಲಿ ಹಾರ್ನು, ಅದರಾಚೆ ರಾಮಗಿರಿಯ ಗುಡ್ಡ ಹೊಗೆಯಂತೆ. ಕಣ್ಣು ತೆರೆದಾಗ ನಿಮ್ಮಮ್ಮನ ತುಟಿ ಅಲುಗುತ್ತಿತ್ತು. ಹಾಡುತ್ತಿದ್ದಳು. ಕೇಳಿಸಲಿಲ್ಲ, ಆದರೂ ನೋಡುತ್ತ ಕೂತೆ. ಅಷ್ಟು ಸುಖವಾಗಿದ್ದೆ ಮಗಳೇ.

ಮೈ ಕಡೆ ನಿಗಾ ಇರಲಿ. ಜೊತೆಯ ಹುಡುಗಿಯರಿಗೆ ನಮ್ಮ ನೆನಪು ತಿಳಿಸು. ನಿನಗೆ ಒಳ್ಳೆಯದಾಗಲಿ.

ಇತಿ ನಿನ್ನ ಅಪ್ಪ
ನಾಗಭೂಷಣ

ಮರೆತಿದ್ದೆ: ಹೋದ ತಿಂಗಳು ಫೋನಿನಲ್ಲಿ ನೀನು ಬಹಳ ಹೊತ್ತು ಏನೋ ಹೇಳಿದೆ. ಒಂದಕ್ಷರ ಕೇಳಿಸಲಿಲ್ಲ; ನೀನು ನೊಂದುಕೊಳ್ಳಬಾರದೆಂದು "ಹ್ಞೂಂ" ಅಂದುಬಿಟ್ಟೆ. ಜೊತೆಯಲ್ಲಿ ಕೆಲಸ ಮಾಡುವ ಪ್ರದೀಪನನ್ನು ಮದುವೆಯಾಗಲಾ ಎಂದು ನೀನು ಕೇಳಿದ್ದೆಯಂತೆ. "ನೀವೇ ಒಪ್ಪಿದ್ರಂತಲ್ಲ!" ಎಂದು ನಿನ್ನೆ ನಿಮ್ಮಮ್ಮ ಹೇಳಿದಾಗಲೇ ನನಗೆ ತಿಳಿದದ್ದು. ಅವನು ನಮ್ಮ ಜಾತಿಯಲ್ಲ, ಅವನ ಊರು ನಾನು ಕಂಡಿಲ್ಲ. ಬೆಳಗಿನಿಂದ ಹಿತ್ತಿಲಲ್ಲಿ ಕೂತು ಯೋಚಿಸಿದೆ. ನೀನು ಅಷ್ಟು ಹೊತ್ತು ಹೇಳಿದ್ದೆಯಲ್ಲ, ಮನಸ್ಸಿನಲ್ಲಿ ಇರುವುದನ್ನೇ ಹೇಳಿರುತ್ತೀಯ. ಈಗ ತಿಳಿದೇ ಹೇಳುತ್ತಿದ್ದೇನೆ, ಹ್ಞೂಂ. ರಜಕ್ಕೆ ಬರುವಾಗ ಅವನನ್ನೂ ಕರೆದುಕೊಂಡು ಬಾ. ನನ್ನ ಹತ್ತಿರ ನಿಧಾನವಾಗಿ ಮಾತಾಡಬೇಕೆಂದು ಮೊದಲೇ ಹೇಳಿರು.