ಮೂರು ಬೆರಳಿನ ಬಲೆ

ಮಾರ್ಚ್ ೧೧

ಪ್ರೀತಿಯ ತಂಗಿಗೆ,

ನಿನ್ನ ಅಣ್ಣನ ಆಶೀರ್ವಾದ. ಒಂದೂವರೆ ತಿಂಗಳಿಂದ ಉತ್ತರವಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀಯ. ತಪ್ಪು ನನ್ನದೇ, ಎರಡು ಸಲ ಬರೆದು ಹರಿದುಹಾಕಿದೆ. ಇಲ್ಲಿ ಎಲ್ಲರೂ ಸೌಖ್ಯ. ನಿನ್ನ ಅತ್ತಿಗೆಗೆ ಮಂಡಿನೋವು ಕಡಿಮೆಯಾಗಿದೆ, ಬಾಯಿ ಕಡಿಮೆಯಾಗಿಲ್ಲ.

ನಮ್ಮ ದಡದವರು ಒಪ್ಪಂದದಂತೆ ನಡೆಯುತ್ತಿದ್ದಾರಾ ಎಂದು ನಿಮ್ಮ ಯಜಮಾನರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ದೇಶ ಎರಡಾದರೂ ಸಮುದ್ರ ಒಂದೇ. ಬಲೆಯ ಕಣ್ಣಿನಲ್ಲಿ ಮೂರು ಬೆರಳು ತೂರಬೇಕು, ಮರಿಮೀನು ತಪ್ಪಿಸಿಕೊಳ್ಳಬೇಕು ಎಂದು ನಾಲ್ಕು ವರ್ಷದ ಹಿಂದೆ ಎರಡೂ ದಡದವರು ಕೈಕೈ ಹಿಡಿದು ಒಪ್ಪಿದ್ದೆವು. ಹೋದ ವರ್ಷ ಮೀನುಪುಡಿ ಕಾರ್ಖಾನೆಯ ಲಾರಿ ನಮ್ಮ ದೋಣಿಕಟ್ಟೆಗೆ ಬಂತು. ಅವರಿಗೆ ಬೇಕಾದದ್ದು ಮರಿಯೇ. ಆ ಪುಡಿ ಎಲ್ಲೋ ದೂರದೇಶದ ಸಾಕುಮೀನುಗಳ ಹೊಟ್ಟೆ ಸೇರುತ್ತದಂತೆ. ಅಂದಿನಿಂದ ಇಲ್ಲಿ ಒಂದೇ ಪಲ್ಲವಿ: "ಆ ದಡದವ್ರು ಬಾಚ್ಕೊಳ್ತಿದಾರೆ, ನಾವ್ಯಾಕೆ ಕೈಕಟ್ಟಿ ಕೂರ್ಬೇಕು?"

ನಿನ್ನ ಪತ್ರ ಬಂದ ಮೂರನೇ ದಿನ ನಿಮ್ಮ ಕಡೆಯ ದೋಣಿಯೊಂದು ಎಂಜಿನ್ ಕೆಟ್ಟು ನಮ್ಮ ಕಟ್ಟೆಗೆ ಬಂದು ನಿಂತಿತು. ದೋಣಿಯ ಒಡೆಯ ಒಬ್ಬ ಕೆಂಪು ಟೋಪಿಯವನು. ಹರಿದ ಬಲೆಯನ್ನು ಹೊಲಿದುಕೊಡಲು, ಊರ ಬಲೆಗಳನ್ನೆಲ್ಲ ಹೊಲಿಯುವ ನನಗೇ ಕೊಟ್ಟ. ನಮ್ಮ ದೋಣಿಯವರೆಲ್ಲ ಸುತ್ತ ನಿಂತಿದ್ದರು. ಬೆರಳು ತೂರಿಸಿದೆ, ಮೂರೂ ಸಲೀಸಾಗಿ ಹೋದವು. ಬಲೆಯನ್ನು ಒಳಗು ಹೊರಗು ಮಾಡಿ ನೋಡಿದೆ, ಯಾವ ಮೋಸವೂ ಇರಲಿಲ್ಲ.

"ನಿಮ್ದೂ ಹೀಗೇ ಇರುತ್ತಲ್ವಾ ಅಣ್ಣಾ?" ಎಂದು ಕೆಂಪು ಟೋಪಿ ಕೇಳಿದ.

"ಇರುತ್ತೆ" ಎಂದೆ.

ಅವನು ನಂಬಿದ. ಕೂಲಿ ಎಷ್ಟೆಂದು ಕೇಳಿದ, ತೆಗೆದುಕೊಳ್ಳದೆ ಹಾಗೇ ಕಳಿಸಿಕೊಟ್ಟೆ.

ಮಕ್ಕಳಿಗೆ ಮಾವನ ಮುದ್ದು. ನೀನು ಹೊತ್ತು ಹೊತ್ತಿಗೆ ಉಣ್ಣು, ನೂರು ಕಾಲ ಸುಖವಾಗಿರು.

ನಿನ್ನ
ಅಣ್ಣ

ಇನ್ನೊಂದು ಮಾತು. ನಮ್ಮ ಹನ್ನೊಂದು ದೋಣಿಗಳ ಬಲೆಯೊಳಗೆ ಕಿರುಬೆರಳೂ ತೂರದ ಒಳಬಲೆ ಇದೆ. ಹನ್ನೊಂದನ್ನೂ ಹೊಲಿದವನು ನಾನು. ಬಿಚ್ಚಿಬಿಡೋಣ ಎಂದು ಈಗ ಮನೆಮನೆಗೆ ಹೋಗಿ ಹೇಳಿದೆ. "ಮೊದ್ಲು ಪಕ್ಕದ್ದು ಬಿಚ್ಚಿ, ಆಮೇಲೆ ನಂದು" ಅನ್ನುತ್ತಾರೆ ಎಲ್ಲರೂ. ನಿಮ್ಮ ಯಜಮಾನರಿಗೆ ನಿಜ ಹೇಳಿದರೆ ನಾಳೆಯೇ ನಿಮ್ಮ ದಡದಲ್ಲೂ ಒಳಬಲೆ ಹೊಲಿಯಲು ಸೂಜಿ ಹಿಡಿಯುತ್ತಾರೆ. ಹೇಳದಿದ್ದರೆ ನೀವು ಬಿಟ್ಟ ಮರಿಯನ್ನು ನಾವು ಬಾಚುತ್ತೇವೆ. ಏನು ಹೇಳುತ್ತೀಯೋ ನಿನಗೆ ಬಿಟ್ಟದ್ದು. ಮೊದಲ ಒಳಬಲೆ ಹೊಲಿಯುವಾಗ ನಿಮ್ಮವರು ಕಳ್ಳರೆಂದು ನಿಜವಾಗಿಯೂ ನಂಬಿದ್ದೆ. ಆ ದಡದಲ್ಲಿ ನನ್ನ ಒಡಹುಟ್ಟಿದವಳೇ ಇದ್ದಳು, ಅವಳನ್ನು ಒಂದು ಮಾತು ಕೇಳಲಿಲ್ಲ.