ಎದುರಂಗಡಿಯ ಕಡುಬು

ಅಕ್ಟೋಬರ್ 17, ಗುರುವಾರ

ಕಡುಬು ಇನ್ನೂ ಮೇಜಿನ ಮೇಲೆಯೇ ಇದೆ. ಹೊಸ ಅಂಗಡಿ ತೆರೆದವರು ಬೀದಿಗೆಲ್ಲ ಹಂಚುವ, ಕೆಂಪು ಕಾಳಿನ ಅಕ್ಕಿ ಕಡುಬು. ತಂದವನು ಯಾರು? ಚಾಂಗ್‌ಸು! ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ನನ್ನ ಪಕ್ಕದ ಯಂತ್ರದಲ್ಲಿ ದುಡಿದವನು. ಐವತ್ತೆಂಟನೇ ವಯಸ್ಸಿನಲ್ಲಿ ನಾನು ಈ ಕರಿದ ಕೋಳಿಯ ಅಂಗಡಿ ಇಟ್ಟಾಗ, "ಸುಮ್ನೆ ಕೈಜೋಡಿಸ್ತೀನಿ ಅಣ್ಣಾ" ಎಂದು ಬಂದು, ಎರಡು ತಿಂಗಳು ನನ್ನ ಮಸಾಲೆ ಕಲಸಿದವನು. ಇವತ್ತು ರಸ್ತೆಯಾಚೆ ಅವನದೇ ಕೋಳಿ ಅಂಗಡಿ!

"ಬಿಸಿ ಇದೆ, ತಿನ್ನಿ ಅಣ್ಣಾ. ಬೀದಿ ದೊಡ್ಡದು, ಇಬ್ರೂ ಬದುಕಬಹುದು."

ಎಲೈ ದ್ರೋಹಿ, ಎಂದು ಸಿಯೋಲ್ ನಗರಕ್ಕೇ ಕೇಳುವಂತೆ ಗರ್ಜಿಸಬೇಕಿತ್ತು. ಚಿಕ್ಕಂದಿನಲ್ಲಿ ಡೇರೆ ನಾಟಕಗಳಿಂದ ಕಲಿತ ಮಾತುಗಳೆಲ್ಲ ಗಂಟಲಲ್ಲಿ ಸಾಲುಗಟ್ಟಿದ್ದವು. ಆದರೆ ಬಾಗಿಲಿಗೆ ಬಂದ ಕಡುಬನ್ನು ಒಲ್ಲೆ ಎನ್ನುವಂತಿಲ್ಲ. ಎರಡೂ ಕೈ ಚಾಚಿದೆ. "ವ್ಯಾಪಾರ ಜೋರಾಗ್ಲಿ" ಎಂದೆ. ಥೂ, ನನ್ನ ಬಾಯೇ!

"ರೀ, ನೀವೇ ಹರಸಿದ್ರಲ್ಲ, ಇನ್ನು ಹೋಗಿ ಕೋಳೀನೂ ಕರಿದುಕೊಡಿ" ಎಂದಳು ಹೆಂಡತಿ.

ನಾವು ತೆರೆದ ದಿನ ಬಾಗಿಲು ಬಾಗಿಲಿಗೂ ಕಡುಬು ಹಂಚಿದವನು ಚಾಂಗ್‌ಸುವೇ. ಒಂದು ಮಾತ್ರ ಉಳಿಸಿಕೊಂಡು ಬಂದಿದ್ದ. "ಎದುರಿನ ಅಂಗಡಿ ಖಾಲಿ ಇದೆ ಅಣ್ಣಾ" ಎಂದಿದ್ದ. ತುಂಬ ಹೊತ್ತು ಅದರ ಮುಂದೆಯೇ ನಿಂತಿದ್ದನಲ್ಲ! ನಾನೋ, ಪಾಪ ದಣಿದಿದ್ದಾನೆ ಎಂದುಕೊಂಡು, ಉಳಿದ ಆ ಕಡುಬನ್ನು ನನ್ನ ಕೈಯಾರೆ ಅವನ ಬಾಯಿಗೆ ಇಟ್ಟಿದ್ದೆ!